ತಮ್ಮನ ಪಾಲಿನ ಮಣ್ಣು

ಇಲ್ಕೋ ತೀರಿಕೊಂಡ ಸುದ್ದಿ ಬಂದ ದಿನ ಅವನ ಅಕ್ಕ ಪರಸ್ಕಾ ಚರ್ಚಿನ ನೆಲಮಾಳಿಗೆಯಲ್ಲಿ ಊರಿನ ಹೆಂಗಸರ ಜೊತೆ ಪೆರೋಹೆ ಮಡಿಚುತ್ತಿದ್ದಳು. ಆಲ್ಬರ್ಟಾದ ಬಯಲಿನಲ್ಲಿ ಕೊಯ್ಲು ಮುಗಿದಿತ್ತು. ಆಲೂಗಡ್ಡೆಯ ಹೂರಣ ತುಂಬಿದ ಆ ಕಡುಬುಗಳನ್ನು ರಾಶಿ ರಾಶಿ ಮಾಡಿ ಮಾರಿದರೆ ಚರ್ಚಿಗೆ ಚಳಿಗಾಲದ ಉರುವಲು ಬರುತ್ತಿತ್ತು. ಗೋಡೆಯ ಫೋನು ಹೊಡೆದುಕೊಂಡಿತು. ಬಾಗಿಲ ಹತ್ತಿರವಿದ್ದ ಗೆಳತಿ ಸೋಫ್ಕಾ ಎತ್ತಿಕೊಂಡಳು.

"ಪರಸ್ಕಾ, ನಿಂಗೆ ಕಣೆ. ಯಾರೋ ಗಂಡಸು. ದನಿ ಕೇಳಿದ್ರೆ ಮುದುಕ. ಜಾಸ್ತಿ ಆಸೆ ಇಟ್ಕೋಬೇಡ."

ಹೆಂಗಸರು ನಕ್ಕರು. ಪರಸ್ಕಾ ಹಿಟ್ಟಿನ ಕೈಯನ್ನು ಸೊಂಟಕ್ಕೆ ಕಟ್ಟಿದ ಬಟ್ಟೆಗೆ ಒರೆಸಿಕೊಂಡು ಫೋನು ಹಿಡಿದಳು.

"ಇಲ್ಕೋನ ಅಕ್ಕಾನಾ? ನಾನು ಎಮೆಟ್. ಯೂಕಾನ್‌ನಿಂದ. ಹೊಳೆ ಮೇಲ್ಗಡೆ ನಿಮ್ಮ ತಮ್ಮನ ಪಕ್ಕದ ಗುಡಿಸಿಲು ನಂದು." ಆ ಕಡೆ ಸ್ವಲ್ಪ ಕೆಮ್ಮಿದ. "ಅವನು ಹೋಗ್ಬಿಟ್ಟ ಅಕ್ಕಾ. ಬೇಸಿಗೆ ಕೊನೇಲಿ. ಚಿನ್ನದ ಮಣ್ಣು ತೊಳೀತಾ ಇದ್ದೋನು ಎದೆ ಹಿಡ್ಕೊಂಡು ಕೂತ, ಮತ್ತೆ ಏಳ್ಲಿಲ್ಲ. ನಾನು ಡಾಸನ್ ಪಟ್ಟಣಕ್ಕೆ ಇಳಿದಿದ್ದು ಇವತ್ತೇ. ಅದಕ್ಕೇ ತಡ ಆಯ್ತು."

"ಎಲ್ಲಿ ಮಲಗಿಸಿದ್ರಿ?"

"ಅಲ್ಲೇ, ದಿಬ್ಬದ ಮೇಲೆ."

"ಪಾದ್ರಿ?"

"ಎಲ್ಲಿಯ ಪಾದ್ರಿ ಅಕ್ಕಾ. ಟೋಪಿ ತೆಗೆದು ನಿಂತ್ಕೊಂಡೆ. ಗೊತ್ತಿದ್ದ ಪ್ರಾರ್ಥನೆ ಒಂದೇ. ಅದೂ ಅರ್ಧಕ್ಕೆ ಮರ್ತೋಯ್ತು."

ಪರಸ್ಕಾ ಫೋನಿಟ್ಟು ತನ್ನ ಜಾಗಕ್ಕೆ ಬಂದು ಕುಳಿತಳು. ಮಡಿಚಿ ಅಂಚು ಒತ್ತಿ ಮುಗಿದಿದ್ದ ಕಡುಬನ್ನೇ ಎತ್ತಿಕೊಂಡು ಮತ್ತೆ ಅಂಚು ಒತ್ತತೊಡಗಿದಳು. ಸೋಫ್ಕಾ ಅದನ್ನು ನೋಡಿ ಅವಳ ಕೈ ಹಿಡಿದುಕೊಂಡಳು. ನಗು ಅಲ್ಲಿಗೇ ನಿಂತಿತು.

ಸಾವು ಯಾರನ್ನೂ ಬಿಡದು, ಅದು ಪರಸ್ಕಾಗೆ ಗೊತ್ತಿತ್ತು. ಅಪ್ಪ ಅಮ್ಮನನ್ನೂ ಗಂಡ ವಾಸಿಲನನ್ನೂ ಅವಳೇ ಮಣ್ಣಿಗೊಪ್ಪಿಸಿದ್ದಳು. ಅವರ ತಲೆಯ ಮೇಲೆ ಧೂಪ ಆಡಿತ್ತು, ಹಾಡು ಹರಿದಿತ್ತು. ಇಲ್ಕೋ ಒಬ್ಬನೇ ನಾಯಿಯನ್ನು ಹೂಳಿದ ಹಾಗೆ ಹೂಳಿಸಿಕೊಂಡ ಎಂಬುದು ಅವಳ ಗಂಟಲಲ್ಲಿ ಮುಳ್ಳಾಗಿ ಕೂತಿತು.

ಹಾಗೆ ಹೋದವರಿಗೂ, ಹಿರಿಯರು ಹಳೆಯ ದೇಶದಿಂದ ತಂದ ಅವರ ಮತದಲ್ಲಿ ಒಂದು ದಾರಿಯಿತ್ತು. ಅವಳು ಅಮ್ಮನ ಸಮಾಧಿಯ ಬುಡದಿಂದ ಮಣ್ಣು ತಂದಳು. ಫಾದರ್ ತರಾಸ್ ಅದನ್ನು ಮೇಜಿನ ಮೇಲಿಟ್ಟು, ಹೆಣವೇ ಎದುರಿಗಿದೆ ಎಂಬಂತೆ ಪೂರ್ತಿ ಅಂತ್ಯಸಂಸ್ಕಾರ ಹಾಡಿದರು. ಆಮೇಲೆ ಅದನ್ನು ಉಪ್ಪಿನಕಾಯಿಯ ಗಾಜಿನ ಜಾಡಿಗೆ ತುಂಬಿ, ಕಸೂತಿಯ ಬಟ್ಟೆ ಸುತ್ತಿ ಅವಳ ಕೈಗಿತ್ತರು.

"ಸಮಾಧಿಯ ಮೇಲೆ ಶಿಲುಬೆ ಆಕಾರದಲ್ಲಿ ಸುರೀಬೇಕು ಅಮ್ಮಾ. ಮೊದಲು ತಲೆಯಿಂದ ಕಾಲಿಗೆ, ಆಮೇಲೆ ಬಲದಿಂದ ಎಡಕ್ಕೆ. ಇದು ಸತ್ತವನ ಪಾಲು. ಮನೆಯೊಳಗೆ ಇಟ್ಕೋಬಾರ್ದು, ಹೊರಟ ಮೇಲೆ ವಾಪಸ್ ತರಬಾರ್ದು." ಸ್ವಲ್ಪ ತಡೆದು ಹೇಳಿದರು: "ಆ ಎಮೆಟ್‌ಗೆ ಅಂಚೇಲಿ ಕಳಿಸಬಹುದು."

"ತಮ್ಮನ್ನ ಅಂಚೇಲಿ ಹೂಳೋದಾ ಫಾದರ್?"

ಫಾದರ್ ಜಾಡಿಯ ಬಟ್ಟೆಯ ಗಂಟನ್ನು ಬಿಗಿ ಮಾಡಿಕೊಟ್ಟರು.

ಅಂಗಳದಲ್ಲಿ ವಾಸಿಲ್ ಕೊಂಡಿದ್ದ ಮನೆಗಾಡಿ ನಿಂತಿತ್ತು. ಒಲೆ, ಹಾಸಿಗೆ, ನೀರಿನ ತೊಟ್ಟಿ ಎಲ್ಲ ಅದರೊಳಗೇ. ಗಂಡ ಇದ್ದಾಗ ಸರದಿಯ ಮೇಲೆ ಓಡಿಸಿದ್ದಳು, ಒಬ್ಬಳೇ ಎಂದೂ ಅಲ್ಲ. ಹೊರಡುವ ಬೆಳಿಗ್ಗೆ ಅವಳಿಗೊಂದು ಅನುಮಾನ ಬಂತು. "ಫಾದರ್, ಇದೂ ಮನೆಯೇ ಅಲ್ವಾ?" ಎಂದು ಕೇಳಿದಳು. "ಚಕ್ರ ಇರೋದು ಮನೆ ಅಲ್ಲಮ್ಮಾ," ಎಂದು ಫಾದರ್ ಜಾಡಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ಬೆಲ್ಟು ಬಿಗಿದರು.

ಸೋಫ್ಕಾ ರೊಟ್ಟಿಯ ಗಂಟು ಕೊಟ್ಟು ಗಾಡಿಯ ಸುತ್ತ ಒಮ್ಮೆ ನಡೆದಳು. "ನೀನೂ ಹಳೇದು, ಇದೂ ಹಳೇದು. ಎರಡ್ರಲ್ಲಿ ಯಾವುದು ಮೊದ್ಲು ಕೆಡತ್ತೋ ನೋಡೋಣ," ಎಂದಳು. ಹೇಳಿದವಳೇ ಮುಖ ತಿರುಗಿಸಿಕೊಂಡಳು.

ದಾರಿ ಕೇಳಲು ಫೋನು ಮಾಡಿದಾಗ ಎಮೆಟ್ ಒಂದು ಮಾತು ಹೇಳಿದ್ದ. ಡಾಸನ್ನಿನಲ್ಲಿ ಯೂಕಾನ್ ನದಿಗೆ ಸೇತುವೆಯಿಲ್ಲ, ವಾಹನ ದಾಟಿಸುವ ಲಾಂಚು ಮಾತ್ರ. ನದಿಯಲ್ಲಿ ಮಂಜುಗಡ್ಡೆ ತೇಲತೊಡಗಿದರೆ ಲಾಂಚನ್ನು ದಡಕ್ಕೆಳೆದುಬಿಡುತ್ತಾರೆ. ಸಮಾಧಿ ಇರುವುದು ಆ ದಡದ ಬೆಟ್ಟದಲ್ಲಿ. ಅಕ್ಟೋಬರ್ ಆಗಲೇ ಹುಟ್ಟಿತ್ತು. ತಲುಪದಿದ್ದರೆ ಮಣ್ಣನ್ನು ಮನೆಗೆ ತರುವಂತಿಲ್ಲ, ದಾರಿಯಲ್ಲಿ ಚೆಲ್ಲುವಂತಿಲ್ಲ. ಹಿಂದಕ್ಕೆ ತಿರುಗುವ ದಾರಿಯೇ ಇಲ್ಲದ ಪ್ರಯಾಣ ಅದು.

ಡಾಸನ್ ಕ್ರೀಕ್ ಎಂಬ ಬೇರೆಯೇ ಊರಿನವರೆಗೆ ಹೊಲಗಳು ಜೊತೆಗಿದ್ದವು. ಆಮೇಲೆ ಕಾಡು. ಬೆಳಗಾದರೆ ಕಪ್ಪು ಸ್ಪ್ರೂಸ್ ಮರ, ಸಂಜೆಯಾದರೂ ಅದೇ ಮರ. ಎದುರು ಬರುವ ಲಾರಿಗಳು ಜಲ್ಲಿ ಎರಚಿ ಮುಂದಿನ ಗಾಜಿನಲ್ಲಿ ಒಂದು ಬಿರುಕು ಮೂಡಿಸಿದವು. ಆ ಬಿರುಕು ಗಾಡಿ ಕುಲುಕಿದಂತೆಲ್ಲ ಬೆಳೆಯುತ್ತ ಹೋಯಿತು. ಫೋರ್ಟ್ ನೆಲ್ಸನ್ ದಾಟಿದ ಮೇಲೆ ಹಿಮ ಶುರುವಾಯಿತು. ಬೆಳಿಗ್ಗೆ ಎದ್ದರೆ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಜಾಡಿಯ ಬಟ್ಟೆ ಬಿಚ್ಚಿ ಗಾಜು ಸೀಳಿದೆಯೇ ಎಂದು ನೋಡಿದ ಮೇಲೆಯೇ ಅವಳು ಚಹಾಕ್ಕೆ ಒಲೆ ಹಚ್ಚುವುದು.

ಮಂಚೋ ಸರೋವರದ ಬಳಿ ರಸ್ತೆಯ ಒಂದು ಬದಿ ಬಂಡೆ, ಇನ್ನೊಂದು ಬದಿ ನೀರು. ತಿರುವಿನಲ್ಲಿ ಕಾಣದ ಮಂಜಿನ ಪದರದ ಮೇಲೆ ಗಾಡಿಯ ಹಿಂಭಾಗ ನಿಧಾನವಾಗಿ ನೀರಿನ ಕಡೆ ಸರಿಯಿತು. ಎದುರಿನಿಂದ ಮರದ ದಿಮ್ಮಿ ಹೊತ್ತ ಲಾರಿ ದೀಪ ಮಿನುಗಿಸುತ್ತ ಬಂತು. ವಾಸಿಲ್ ಹೇಳುತ್ತಿದ್ದ ಮಾತು ಅವಳ ಕಿವಿಗೆ ಬಿತ್ತು: "ಜಾರಿದಾಗ ಬ್ರೇಕಿಗೆ ಕಾಲು ಹಾಕ್ಬೇಡ, ಪ್ರಾರ್ಥನೆಗೆ ಬಾಯಿ ಹಾಕ್ಬೇಡ. ಮೊದ್ಲು ಸ್ಟಿಯರಿಂಗ್ ಹಿಡಿ." ಹಿಡಿದಳು. ಲಾರಿಯ ಗಾಳಿ ಗಾಡಿಯನ್ನೊಮ್ಮೆ ತಟ್ಟಿ ಹೋಯಿತು. ನಿಲ್ಲಿಸಬಹುದಾದ ಜಾಗ ಸಿಕ್ಕಿದ ಮೇಲೆ ಎಂಜಿನ್ ಆರಿಸಿದಳು. ಸೋಫ್ಕಾಳ ರೊಟ್ಟಿಯ ಗಂಟು ಕೆಳಗುರುಳಿತ್ತು. ಜಾಡಿ ಮಾತ್ರ ಬೆಲ್ಟಿನೊಳಗೆ ಕೂತ ಹಾಗೇ ಕೂತಿತ್ತು.

ಡಾಸನ್ನಿನ ಕಡವಿಗೆ ಬಂದಾಗ ಹೊತ್ತು ಮಧ್ಯಾಹ್ನಕ್ಕೆ ಹತ್ತಿರ. ನದಿಯ ತುಂಬ ಮಂಜುಗಡ್ಡೆಯ ತಟ್ಟೆಗಳು ಒಂದಕ್ಕೊಂದು ಉಜ್ಜುತ್ತ ಸಾಗುತ್ತಿದ್ದವು. ಕಿತ್ತಳೆ ಕೋಟು ತೊಟ್ಟ ಹುಡುಗಿಯೊಬ್ಬಳು ಲಾಂಚಿನಿಂದಿಳಿದು ಬಂದು ಕಿಟಕಿ ತಟ್ಟಿದಳು.

"ಅಜ್ಜಿ, ಇವತ್ತು ಸಾಯಂಕಾಲ ಲಾಂಚು ಎತ್ತಿಬಿಡ್ತೀವಿ. ಹೋಗೋದಾದ್ರೆ ಕತ್ತಲಾಗೋದ್ರೊಳಗೆ ವಾಪಸ್ ಬನ್ನಿ. ಇಲ್ಲಾಂದ್ರೆ ನದಿ ಗಟ್ಟಿಯಾಗೋ ತನಕ ಆ ಕಡೇನೇ."

"ಗಟ್ಟಿಯಾಗೋದು ಯಾವಾಗ?"

"ಕ್ರಿಸ್‌ಮಸ್ ಹೊತ್ತಿಗೆ."

"ನಿಮ್ಮ ಕ್ರಿಸ್‌ಮಸ್ಸಾ, ನಮ್ದಾ?"

ಪರಸ್ಕಾಳ ಮತದವರ ಕ್ರಿಸ್‌ಮಸ್ ಜನವರಿಯಲ್ಲೆಂದು ಹುಡುಗಿಗೆ ತಿಳಿದಿರಲಿಲ್ಲ. "ಯಾರ್ದೇ ಆಗ್ಲಿ ಅಜ್ಜಿ, ನೀವು ಆ ಕಡೇನೇ ಇರ್ತೀರಿ. ಸೌದೆ ಇದ್ಯಾ?"

"ರೊಟ್ಟಿ ಇದೆ," ಎಂದು ಪರಸ್ಕಾ ಗಾಡಿಯನ್ನು ಲಾಂಚಿಗೆ ಹತ್ತಿಸಿದಳು.

ಆ ದಡದಿಂದ ರಸ್ತೆ ಬೆಟ್ಟದ ನೆತ್ತಿಗೇರಿ ನೆತ್ತಿಯ ಮೇಲೇ ಓಡುತ್ತದೆ. ಮರಗಳು ಕೆಳಗುಳಿದವು. ಗಾಳಿ ಹಿಮವನ್ನು ರಸ್ತೆಯ ಮೇಲೆ ಹಾವಿನಂತೆ ಹರಿಸುತ್ತಿತ್ತು. ಮೋಡ ನೆಲಕ್ಕೇ ಇಳಿದಿತ್ತು. ಸೂರ್ಯ ಎಲ್ಲಿದ್ದಾನೆಂದು ಊಹಿಸಲೂ ಆಗದು. ಎಮೆಟ್ ಹೇಳಿದ್ದ ಕೆಂಪು ಡಬ್ಬದ ಗುರುತು ಕಂಡು ಅವಳು ಗಾಡಿಯನ್ನು ಹೊಳೆಯ ಕಡೆ ಇಳಿಸಿದಳು.

ಎಮೆಟ್ ಬಾಗಿದ ಮಂಡಿಗಳ, ಬಿಳಿ ಗಡ್ಡದ ಮುದುಕ. ಅವನೂ ಚಳಿಗಾಲಕ್ಕೆ ಪಟ್ಟಣಕ್ಕಿಳಿಯಲು ಟ್ರಕ್ಕಿಗೆ ಸಾಮಾನು ಹೇರುತ್ತಿದ್ದ.

"ಅಕ್ಕಾ, ಬಂದೇಬಿಟ್ರಾ. ಕಾಫಿ ಕುಡೀರಿ ಮೊದ್ಲು."

"ಮೊದ್ಲು ಅವನು."

"ಹಾಗಾದ್ರೆ ಹೋಗ್ಬನ್ನಿ. ದಿಬ್ಬ ಹತ್ತೋಕೆ ನನ್ನ ಮಂಡಿ ಒಪ್ಪಲ್ಲ. ಶಿಲುಬೆ ಕಾಣತ್ತೆ. ನಾನು ಟಯರಿಗೆ ಸರಪಣಿ ಹಾಕ್ತಿರ್ತೀನಿ."

ದಿಬ್ಬದ ಮೇಲೆ ಕಲ್ಲು ಪೇರಿಸಿದ ಉದ್ದನೆಯ ಗುಪ್ಪೆ, ಹಿಮ ಹೊದ್ದುಕೊಂಡಿತ್ತು. ಒಂದು ತುದಿಯಲ್ಲಿ ಸ್ಪ್ರೂಸ್ ಕಂಬಗಳ ಶಿಲುಬೆ. ಅವಳು ಮಂಡಿಯೂರಿ ಕೈಗವಸಿನಿಂದ ಮೇಲಿನ ಸಡಿಲ ಹಿಮ ಗುಡಿಸಿದಳು. ಶಿಲುಬೆಯಿದ್ದ ತುದಿಯನ್ನು ಕಾಲು ಎಂದುಕೊಂಡಳು, ಎದುರು ತುದಿಯನ್ನು ತಲೆ. ಯೋಚಿಸುವ ಮಾತೇ ಇರಲಿಲ್ಲ. ಅಲ್ಲಿಂದ ಶಿಲುಬೆಯ ಕಡೆಗೆ ಮಣ್ಣು ಸುರಿಯುತ್ತ ಬಂದಳು, ಆಮೇಲೆ ಅಡ್ಡಕ್ಕೆ ಸುರಿದಳು. ಬಿಳಿಯ ಮೇಲೆ ಅಮ್ಮನ ಮಣ್ಣಿನ ಕಪ್ಪು ಶಿಲುಬೆ ಬಿತ್ತು. ಜಾಡಿಯನ್ನು ತಟ್ಟಿ ಕೊನೆಯ ಕಣವನ್ನೂ ಸುರಿದಳು. ಸತ್ತವರ ನೆನಪು ಶಾಶ್ವತವಾಗಿರಲಿ ಎಂಬ 'ವಿಚ್ನಾಯಾ ಪಾಮ್ಯಾತ್' ಹಾಡಿದಳು. ವರ್ಷಾನುಗಟ್ಟಲೆ ಮೇಳದಲ್ಲಿ ನಿಂತವಳಿಗೆ ಎರಡನೆಯ ದನಿಯ ಪಾಲು ಮಾತ್ರ ಬರುತ್ತಿತ್ತು. ಮೇಲುದನಿಯಿಲ್ಲದ ಆ ಹಾಡು ಗಾಳಿಯಲ್ಲಿ ಕುಂಟುತ್ತ ಹೋಯಿತು. ಆದರೂ ಸುದ್ದಿ ಬಂದಂದಿನಿಂದ ಗಂಟಲಲ್ಲಿದ್ದ ಮುಳ್ಳು ಸಡಿಲವಾಯಿತು. ತಮ್ಮನ ಪಾಲು ತಮ್ಮನಿಗೆ ಸಂದಿತು.

ವಾಪಸ್ ಹೊರಟು ಏರು ಹತ್ತುವಾಗ ಮನೆಗಾಡಿಯ ಒಂದು ಚಕ್ರ ಅಂಚಿನ ಮೆತ್ತನೆಯ ಹಿಮದಲ್ಲಿ ಕುಸಿಯಿತು. ಎಮೆಟ್ ಸಲಿಕೆ ಹಿಡಿದ. ತನ್ನ ಟ್ರಕ್ಕಿಗೆ ಸರಪಣಿ ಕಟ್ಟಿ ಎಳೆದ; ಕೊಂಡಿ ಕಳಚಿತು; ಮತ್ತೆ ಕಟ್ಟಿದ. ಬೆಳಕು ಕಂದುತ್ತಿತ್ತು. ಕಡೆಗೆ ಗಾಡಿ ನರಳುತ್ತ ಮೇಲೆ ಬಂದಾಗ ಅವನು, "ಇಲ್ಕೋನೂ ಹೀಗೇ. ಎಳೆದ್ರೆ ಬರ್ತಿರ್ಲಿಲ್ಲ, ಬಿಟ್ರೆ ಹೋಗ್ತಿರ್ಲಿಲ್ಲ," ಎಂದ.

ಕಡವಿನಲ್ಲಿ ಕಿತ್ತಳೆ ಕೋಟಿನ ಹುಡುಗಿ ಬೆಟ್ಟದ ಕಡೆಯೇ ನೋಡುತ್ತ ನಿಂತಿದ್ದಳು. "ಅಜ್ಜಿಗೋಸ್ಕರ ಕಾದ್ವಿ. ಬೇಗ ಬನ್ನಿ." ಎರಡೂ ಗಾಡಿ ಹತ್ತಿದೊಡನೆ ಲಾಂಚು ದಡ ಬಿಟ್ಟಿತು. ಗಡ್ಡೆಗಳು ಬಂದು ಬಂದು ಕಬ್ಬಿಣಕ್ಕೆ ಗುದ್ದುತ್ತಿದ್ದವು. ಒಂದೊಂದು ಏಟಿಗೂ ಕಾಲಡಿಯ ತಗಡು ನಡುಗುತ್ತಿತ್ತು. ಎಮೆಟ್ ಅವಳ ಪಕ್ಕ ಬಂದು ಕಂಬಿ ಹಿಡಿದು ನಿಂತ.

"ಶಿಲುಬೆ ಗಟ್ಟಿಯಾಗಿದ್ಯಲ್ಲ ಅಕ್ಕಾ? ಆ ನೆಲ ಬೇಸಿಗೇಲೂ ಒಂದು ಮೊಳ ಕೆಳಗೆ ಬರೀ ಮಂಜು. ಬೆಂಕಿ ಹಾಕಿ ಕರಗಿಸಿ ಅಗೆದೆ. ತಲೆ ಹತ್ರ ಇನ್ನೊಂಚೂರು ಆಳ ಮಾಡಿ ಕಂಬ ಇಳಿಸಿದೆ."

"ಯಾರ ತಲೆ?"

"ಇಲ್ಕೋನ ತಲೆ. ಇನ್ಯಾರ್ದು?"

ಪರಸ್ಕಾ ಅವನ ಕಡೆ ತಿರುಗಿದಳು. "ಶಿಲುಬೆ ತಲೆ ಹತ್ರ ಇರೋದಾ?"

"ಮತ್ತೆ ಕಾಲ ಹತ್ರ ಇಡ್ತಾರಾ?"

"ನಾವು ಇಡ್ತೀವಿ. ಕೊನೇ ದಿನ ಸತ್ತೋರು ಎದ್ದಾಗ ಎದುರಿಗೇ ಕಾಣ್ಲಿ ಅಂತ."

ಎಮೆಟ್ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಂಗೆ ಗೊತ್ತಿರ್ಲಿಲ್ಲ ಅಕ್ಕಾ. ಅವನು ಯಾವತ್ತೂ ಹೇಳ್ಲಿಲ್ಲ."

ಅವಳು ತಡವರಿಸುತ್ತ ಹುಡುಗಿಯ ಹತ್ತಿರ ಹೋದಳು. "ಮಗಳೇ, ಒಂದು ಸಲ ಆ ದಡಕ್ಕೆ ತಿರುಗಿಸೋಕಾಗತ್ತಾ?"

"ಏನಾದ್ರೂ ಬಿಟ್ಟು ಬಂದ್ರಾ ಅಜ್ಜಿ?"

"ಇಲ್ಲ. ತಲೆಕೆಳಗು ಮಾಡಿ ಬಂದೆ."

ಹುಡುಗಿ ಅವಳ ಮುಖವನ್ನೂ ನದಿಯನ್ನೂ ನೋಡಿ ಇಲ್ಲವೆಂದು ತಲೆಯಾಡಿಸಿದಳು. ತಿರುಗಿಸಿದ್ದರೂ ಪ್ರಯೋಜನವಿರಲಿಲ್ಲ. ಜಾಡಿಯಲ್ಲಿ ಒಂದು ಕಣವೂ ಉಳಿದಿರಲಿಲ್ಲ. ಅವಳು ದಡ ಹತ್ತಿದ ಮೇಲೆ ಬೆನ್ನ ಹಿಂದೆಯೇ ಬುಲ್ಡೋಜರ್ ಗುಡುಗಿ ಲಾಂಚನ್ನು ನೀರಿನಿಂದ ಎಳೆಯಿತು.

ಮನೆಯ ದಾರಿ ಬಂದ ದಾರಿಗಿಂತ ಕಠಿಣವಾಯಿತು. ಹೋಗುವಾಗ ಭಯ ರಸ್ತೆಯಲ್ಲಿತ್ತು. ಈಗ ಪಕ್ಕದ ಖಾಲಿ ಸೀಟಿನಲ್ಲಿ ಕೂತಿತ್ತು. ಕೊನೆಯ ದಿನ ತುತ್ತೂರಿ ಊದಿದಾಗ ಇಲ್ಕೋ ಏಳುತ್ತಾನೆ, ಶಿಲುಬೆ ಬೆನ್ನ ಹಿಂದಿರುತ್ತದೆ, ಎದುರಿಗೆ ಬರಿಯ ಕಾಡು. ಅಕ್ಕ ಅಷ್ಟು ದೂರದಿಂದ ಹೊತ್ತು ತಂದ ಸಂಸ್ಕಾರ ಅವನ ಪಾದದಿಂದ ಶುರುವಾಗಿ ತಲೆಗೆ ಮುಗಿದಿದೆ. ಬಾಯಿದ್ದೂ ಒಂದು ಮಾತು ಕೇಳದೆ ಹೋದೆನಲ್ಲ ಎಂದು ಅವಳು ಮತ್ತೆ ಮತ್ತೆ ತನ್ನನ್ನೇ ಬೈದುಕೊಂಡಳು. ಲಿಯಾರ್ಡ್ ನದಿಯ ಬಳಿ ಅದೇ ಧ್ಯಾನದಲ್ಲಿ ರಸ್ತೆಗೆ ಅಡ್ಡ ನಿಂತ ಕಾಡೆಮ್ಮೆಗಳ ಹಿಂಡನ್ನು ಕಾಣಲೇ ಇಲ್ಲ. ಕಂಡಾಗ ಒಂದರ ಉಸಿರಿನ ಹಬೆ ಗಾಜಿಗೇ ತಾಗುತ್ತಿತ್ತು. ಬ್ರೇಕು ಹೇಗೆ ಹಿಡಿಯಿತೋ ದೇವರಿಗೇ ಗೊತ್ತು. ಆ ಪ್ರಾಣಿ ಕದಲದೆ ಅವಳನ್ನು ನೋಡಿತು. ಆಮೇಲೆ ತನಗೆ ಬೇಕೆನಿಸಿದಾಗ ಪಕ್ಕಕ್ಕೆ ಸರಿಯಿತು.

ಫೋರ್ಟ್ ನೆಲ್ಸನ್ನಿನಲ್ಲಿ ಫೋನಿಗೆ ನಾಣ್ಯ ಹಾಕಿ ಫಾದರ್ ಮನೆಯ ನಂಬರು ತಿರುಗಿಸಿದಳು. ಆ ಕಡೆ ಗಂಟೆ ಬಡಿಯುತ್ತಿದ್ದಂತೆ ಇಟ್ಟುಬಿಟ್ಟಳು. ಫಾದರ್ ತಪ್ಪೆಂದರೆ ಆ ಮಾತನ್ನು ಹೊತ್ತು ಮಿಕ್ಕ ದಾರಿ ಓಡಿಸಲು ಅವಳ ಕೈಲಾಗುತ್ತಿರಲಿಲ್ಲ. ತಪ್ಪಲ್ಲವೆಂದರೆ ನಂಬುತ್ತಿರಲಿಲ್ಲ.

ಊರು ಮುಟ್ಟಿದವಳು ಮನೆಗೆ ಹೋಗದೆ ನೇರ ಚರ್ಚಿನ ಅಂಗಳಕ್ಕೆ ಗಾಡಿ ತಂದಳು. ಫಾದರ್ ತರಾಸ್ ಸೌದೆ ಒಟ್ಟುತ್ತಿದ್ದರು. ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಅವರು ಕೈಯಲ್ಲಿದ್ದ ಕೊರಡನ್ನು ಕೆಳಗಿಟ್ಟರು.

"ತಪ್ಪಾಯ್ತಾ ಫಾದರ್?"

"ನಂಗೆ ಗೊತ್ತಿಲ್ಲ ಅಮ್ಮಾ. ಸುಳ್ಳು ಹೇಳಲ್ಲ. ಇದು ಯಾವ ಪುಸ್ತಕದಲ್ಲೂ ಬರೆದಿಲ್ಲ."

ಬೇರೆ ಯಾವ ಸಮಾಧಾನ ಹೇಳಿದ್ದರೂ ಅವಳು ಒಪ್ಪುತ್ತಿರಲಿಲ್ಲ. ಈ ಮಾತನ್ನು ಮಾತ್ರ ನಂಬಿದಳು.

"ಮತ್ತೆ ಯಾರನ್ನ ಕೇಳೋದು?"

"ಗೊತ್ತಿರೋನ್ನೇ ಕೇಳೋಣ. ಬನ್ನಿ."

ಅವರು ಕೈ ಕೊಡವಿಕೊಂಡು ಬಾಗಿಲು ತೆರೆದರು. ಪರಸ್ಕಾ ಮೇಣದ ಬತ್ತಿ ಹಚ್ಚಿ ಮರಳಿನಲ್ಲಿ ನೆಟ್ಟಳು. ಫಾದರ್ ಮೃತರ ಪ್ರಾರ್ಥನೆ ಹಾಡಿ ಮುಗಿಸಿದ ಮೇಲೂ ಅವಳು ಏಳಲಿಲ್ಲ. ನೆಲಕ್ಕೆ ಹಣೆ ತಾಗಿಸಿ, ಪುಸ್ತಕದಲ್ಲಿಲ್ಲದ್ದನ್ನು ತನ್ನ ಮಾತಿನಲ್ಲೇ ಹೇಳಿಕೊಂಡಳು:

"ತಂದೆಯೇ, ನನಗೆ ತಿಳಿದದ್ದನ್ನು ನಾನು ಮಾಡಿದೆ. ಆ ಮುದುಕ ತನಗೆ ತಿಳಿದದ್ದನ್ನು ಮಾಡಿದ. ನಮ್ಮಿಬ್ಬರ ನಡುವೆ ನನ್ನ ತಮ್ಮ ಮಲಗಿದ್ದಾನೆ. ಅವನ ತಲೆ ಯಾವ ಕಡೆಯೋ ನೀನು ಬಲ್ಲೆ. ಅವನನ್ನು ಉಂಟುಮಾಡಿದವನು ನೀನು. ಎಬ್ಬಿಸುವ ದಿನ ಅವನ ಭುಜ ಹಿಡಿದು ನಿನ್ನ ಕಡೆ ತಿರುಗಿಸಿಕೋ. ಅಲ್ಲಿ ನೆಲ ಬಹಳ ತಣ್ಣಗಿದೆ, ತಂದೆಯೇ. ನಿನ್ನ ಸೇವಕ ಇಲ್ಕೋನನ್ನು ಬೆಚ್ಚಗಿಡು. ಅವನ ಆತ್ಮಕ್ಕೆ ಶಾಂತಿ ಕೊಡು. ಆಮೆನ್."