ಗೋಡೆಯಿಲ್ಲದ ಮನೆಯ ಬಾಗಿಲು

ದಕ್ಷಿಣ ಆಫ್ರಿಕಾದಲ್ಲಿ ಬ್ರಿಟಿಷರು ಸುಟ್ಟಿದ್ದ ಹಳೆಯ ಜುಲು ಸೇನಾವಸತಿಯನ್ನು ಅಗೆಯುತ್ತಿದ್ದ ಪುರಾತತ್ವಜ್ಞೆ ಬೊಂಗೆಕಿಲೆಗೆ ಒಂದು ಗುಡಿಸಲಿನ ದುಂಡು ನೆಲ ಸಿಕ್ಕಿತು. ಅವಳು ಊರಿನಲ್ಲಿ ಈಗಲೂ ಹಳೆಯ ರೀತಿ ಮಣ್ಣಿನ ನೆಲ ಸಾರಿಸಿ ಉಜ್ಜುವ ಮುದುಕಿ ಮಾಶಾಂಗೆಯನ್ನು ಕರೆತಂದು, ತೋರಿಸುವ ಸಂಭ್ರಮದಲ್ಲಿ ನೇರ ಅದರ ಮೇಲೆ ಕಾಲಿಟ್ಟಳು.

"ಏಯ್, ಗೋಡೆ ತೂರ್ಕೊಂಡು ಬರ್ತೀಯಲ್ಲೇ! ನಿಮ್ಮಮ್ಮ ಏನೂ ಕಲಿಸಿಲ್ವಾ?"

"ಗೋಡೆ ಎಲ್ಲಿದೆ ಅಜ್ಜಿ?"

ಮುದುಕಿ ಸುತ್ತಿಹೋಗಿ, ಹಿಂದೆ ಗಿಡ್ಡ ಬಾಗಿಲಿದ್ದ ಕಡೆ ಮಂಡಿಯೂರಿ ಒಳಬಂದಳು. ಇಟ್ಟಿಗೆಯಂತೆ ಬೆಂದ ಹುತ್ತದ ಮಣ್ಣಿನ ನೆಲವನ್ನು ಸವರಿದಳು. "ಎಷ್ಟು ನುಣ್ಣಗೆ ಉಜ್ಜಿದಾಳೆ ನೋಡೇ, ಪುಣ್ಯಾತ್ಗಿತ್ತಿ! ಹಾಳಾದೋರು ಬೆಂಕಿ ಇಟ್ಟು ಅದನ್ನ ಗಟ್ಟಿ ಮಾಡಿಕೊಟ್ಟು ಹೋದ್ರು. ಇಲ್ದಿದ್ರೆ ಮಳೆಗೆ ಕರಗೋಗ್ತಿತ್ತು."

ಬೊಂಗೆಕಿಲೆ ಹೊರಗೆ ಬಂದು ಅದೇ ಬಾಗಿಲಲ್ಲಿ ಮಂಡಿಯೂರಿದಳು. "ಬರ್ಲಾ ಅಜ್ಜಿ?"

"ನನ್ನನ್ಯಾಕೆ ಕೇಳ್ತೀಯ? ನೆಲ ಉಜ್ಜಿದೋಳನ್ನ ಕೇಳು."

ಬೊಂಗೆಕಿಲೆ ಖಾಲಿ ನೆಲದತ್ತ ತಲೆಬಾಗಿದಳು. "ಇಷ್ಟು ಚೆನ್ನಾಗಿ ನೆಲ ಉಜ್ಜಿಟ್ಟು ದೊಡ್ಡ ಉಪಕಾರ ಮಾಡಿದೆ ಕಣಮ್ಮಾ. ಒಳಗೆ ಬರ್ಲಾ?"