ಹಾಳುಮನೆಯ ಸದ್ದು, ಹನಮವ್ವನ ತೋಳು

ಎಪ್ಪತ್ತೇಳನೇ ಇಸವಿಯ ಬೇಸಿಗೆ. ಮರೋಳದ ಹೊರಗಿನ ಹಾಳುಮನೆಯಿಂದ ದಿನಾ ಮಟಮಟ ಮಧ್ಯಾಹ್ನ ಒಂದು ಸದ್ದು ಬರತೊಡಗಿತು. ಧಡ್. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಧಡ್. ಹಿಂದೆ ಆ ಮನೆಯಲ್ಲಿ ಒಬ್ಬ ಸೊಸೆ ಬಾಗಿಲು ಬಡಿದು ಬಡಿದು ಸತ್ತಿದ್ದಳಂತೆ. ಅವಳೇ ಎದ್ದಿದ್ದಾಳೆ ಎಂದು ಊರು ತೀರ್ಮಾನಿಸಿತು. ಹೋಗಿ ನೋಡಿದವರು ಯಾರು? ಒಬ್ಬರೂ ಇಲ್ಲ. ತೀರ್ಮಾನಕ್ಕೆ ಮಾತ್ರ ನಮ್ಮ ಕಡೆ ಎಂದೂ ಬರಗಾಲವಿಲ್ಲ ನೋಡಿ.

ಕುರಿ ಕಾಯುವ ಕನಕಪ್ಪನ ಹೆಂಡತಿ ರಂಗವ್ವನಿಗೆ ಆ ಸದ್ದು ಕೇಳಿದರೆ ಬಡಿಯುತ್ತಿದ್ದ ರೊಟ್ಟಿ ಕೈಯಲ್ಲೇ ನಿಲ್ಲುತ್ತಿತ್ತು. ಕಾರಣ ಅವಳ ಮಗಳು ಹನಮವ್ವ. ಹುನಗುಂದದ ಹೈಸ್ಕೂಲಿನಲ್ಲಿ ಓದುವ ಹುಡುಗಿ, ರಜೆಗೆ ಮನೆಯಲ್ಲಿದ್ದಳು. ಸದ್ದಿನ ಹೊತ್ತಿಗೆ ಸರಿಯಾಗಿ ಮಾಯವಾಗುತ್ತಿದ್ದಳು. ಬರುವಾಗ ಮೈಯೆಲ್ಲ ಬೆವರು, ಮೊಣಕಾಲಿಗೆ ಗಾಯ, ಕೇಳಿದರೆ ಬಾಯಿಬಿಡುತ್ತಿರಲಿಲ್ಲ. ನಿದ್ದೆಯಲ್ಲಿ ಅವಳ ಬಲಗೈ ತಾನಾಗಿ ಮೇಲೆದ್ದು, ಗಾಳಿಯಲ್ಲಿ ಒಂದು ಸುತ್ತು ಸುತ್ತಿ ಕೆಳಗೆ ಬೀಳುತ್ತಿತ್ತು. ಕಣ್ಣು ಮುಚ್ಚಿಯೇ ಇರುತ್ತಿದ್ದವು.

ಸತ್ತ ಸೊಸೆಯೇ ಮಗಳ ಮೈಮೇಲೆ ಬಂದಿದ್ದಾಳೆಂದು ಕನಕಪ್ಪ ಆ ಕೈಗೆ ಬೀರಪ್ಪ ದೇವರ ಭಂಡಾರ ಹಚ್ಚಿದ. ಕೈ ನಿಲ್ಲಲಿಲ್ಲ. ಸೆಳೆತ ಹಿಡಿದ ಕುರಿಯ ಕಾಲಿಗೆ ಬರೆ ಹಾಕಿ ಪಳಗಿದವನು ಅವನು. ಕುರಿಗೆ ಆದದ್ದು ಮಗಳಿಗೂ ಆದೀತು ಎಂದುಕೊಂಡ. ಅಮಾವಾಸ್ಯೆಯ ದಿನ ಹೊತ್ತು ಮುಳುಗುವ ಮೊದಲು ಹನಮವ್ವನ ತೋಳು ಸುಡುವುದೆಂದು ಗಟ್ಟಿಯಾಯಿತು.

ಅದೇ ಅಮಾವಾಸ್ಯೆಯ ಮಧ್ಯಾಹ್ನ ಹುನಗುಂದದ ಬಸ್ಸಿನಿಂದ ನಜಮಾ ಅಕ್ಕೋರು ಇಳಿದರು. ಹನಮವ್ವನ ಶಾಲೆಯಲ್ಲಿ ಆಟ ಕಲಿಸುವವರು. ರಂಗವ್ವ ಅಳುತ್ತ ಎಲ್ಲ ಹೇಳಿಕೊಂಡಳು. ಅಕ್ಕೋರು ನಗಲಿಲ್ಲ, ಬೈಯಲೂ ಇಲ್ಲ. ಹಾಳುಮನೆಗೇ ಹೋಗಿ ನೋಡೋಣ ಎಂದು ಅವಳ ಕೈ ಹಿಡಿದು ಎಬ್ಬಿಸಿದರು.

ದಾರಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಬಿಸಿಲಿಗೆ ಕಲ್ಲುಗೋಡೆಯೇ ಅಲುಗಿದಂತೆ ಕಾಣುತ್ತಿತ್ತು. ಧಡ್. ರಂಗವ್ವ ಅಕ್ಕೋರ ಸೆರಗು ಹಿಡಿದುಕೊಂಡಳು. ಬಿದ್ದ ಗೋಡೆಯ ಸಂದಿಯಿಂದ ಇಣುಕಿದರೆ ಒಳಗೆ ಹನಮವ್ವ ಇದ್ದಳು. ಲಂಗ ಎತ್ತಿ ಕಟ್ಟಿ, ರೆಪ್ಪೆ ಬಡಿಯದೆ ಓಡಿ ಬಂದು, ತೋಳು ಸುತ್ತಿ ಕೆಂಪು ಚೆಂಡು ಎಸೆದಳು. ಅದು ನೆಲಕ್ಕೆ ಪುಟಿದು ಎದುರು ಗೋಡೆಯ ಇದ್ದಿಲ ಗೆರೆಗೆ ಬಡಿಯಿತು. ರಂಗವ್ವ ಆ ಮುಖವನ್ನೇ ನೋಡಿದಳು. ಹೆತ್ತವಳಿಗೇ ಗುರುತು ಸಿಗದ ಮುಖ.

“ಅಕ್ಕೋರ, ಅದು ನನ್ನ ಮಗಳ ಮಾರಿ ಅಲ್ರಿ.”

“ಆಕೀದ ಐತ್ರಿ ಯವ್ವಾ. ನೀವು ಇಷ್ಟು ದಿನ ನೋಡಿಲ್ಲ, ಅಷ್ಟ.”

ಇದು ಕ್ರಿಕೆಟ್, ಶಾಲೆಯಲ್ಲಿ ತಾವೇ ಕಲಿಸಿದ ಆಟ ಎಂದು ಅಕ್ಕೋರು ಬಿಡಿಸಿ ಹೇಳಿದರು. ಹಗಲೆಲ್ಲ ಮಾಡಿದ್ದನ್ನು ಮೈ ನಿದ್ದೆಯಲ್ಲೂ ಮಾಡುತ್ತದೆ. ಈಗ ಹೆಣ್ಣುಮಕ್ಕಳ ತಂಡವೂ ದೇಶದ ಪರವಾಗಿ ಆಡುತ್ತಿದೆ. ಬರುವ ಭಾನುವಾರ ಹುಬ್ಬಳ್ಳಿಯಲ್ಲಿ ಆಟಗಾರ್ತಿಯರನ್ನು ಆರಿಸುತ್ತಾರೆ, ಅದನ್ನು ಹೇಳಲೆಂದೇ ತಾವು ಬಂದದ್ದು. ಅಪ್ಪನ ಹೆದರಿಕೆಗೆ ಹುಡುಗಿ ಬಾಯಿ ಕಟ್ಟಿಕೊಂಡಿದ್ದಾಳೆ.

ಹನಮವ್ವನನ್ನು ಕರೆದುಕೊಂಡು ಮನೆಗೆ ಬಂದಾಗ ಒಲೆಯಲ್ಲಿ ಸಲಾಕೆ ಕೆಂಪಗೆ ಕಾದಿತ್ತು. ಕನಕಪ್ಪ ಅಕ್ಕೋರ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸಲಾಕೆ ಎತ್ತಿಕೊಂಡು ಮಗಳ ಕೈ ಹಿಡಿದ. ರಂಗವ್ವ ನಡುವೆ ಬಂದು ನಿಂತು, ತನ್ನ ಕುಬಸದ ತೋಳು ಮೇಲೆ ಸರಿಸಿದಳು. ಅಲ್ಲಿ ಹಳೆಯ ಬರೆ ಇತ್ತು.

“ಸಣ್ಣಾಕಿದ್ದಾಗ ಹಕ್ಕಿ ಓಡಸಾಕ ನನ್ನಂಗ ಕವಣಿ ಬೀಸೋರು ಊರಾಗ ಇರಲಿಲ್ಲ. ಗಾಳಿ ಸೋಕೈತಿ ಅಂತ ನಮ್ಮಪ್ಪ ಇಲ್ಲಿ ಸುಟ್ಟ. ನೆಲುವಿನ ಗಡಿಗಿ ಇಳಸಾಕ ದಿನಾ ನಿಮ್ಮನ್ನ ಯಾಕ ಕರೀತೇನಿ ಅಂತ ತಿಳದೀರಿ? ಈ ಕೈ ಮ್ಯಾಲ ಏಳೂದಿಲ್ಲ. ಆಗೂ ನನ್ನ ಮೈಯಾಗ ಯಾರೂ ಇರಲಿಲ್ರಿ. ನಾನ ಇದ್ದೆ.”

ಕನಕಪ್ಪ ಮಗಳ ಕೈ ಬಿಟ್ಟ. ಆಮೇಲೆ ಸಲಾಕೆಯನ್ನು ನೀರಿಗೆ ಅದ್ದಿ, ಹುಬ್ಬಳ್ಳಿಗೆ ಬಸ್ಸು ಎಷ್ಟು ಹೊತ್ತಿಗೆ ಎಂದು ಅಕ್ಕೋರನ್ನು ಕೇಳಿದ.

ಹನಮವ್ವ ಆರಿಸಿ ಬಂದಳು. ರಾಜ್ಯದ ತಂಡಕ್ಕೆ ವರ್ಷಗಟ್ಟಲೆ ಚೆಂಡೆಸೆದಳು. ಆ ಆಟದ ಬಲದ ಮೇಲೇ ರೈಲ್ವೆಯಲ್ಲಿ ನೌಕರಿ ಸಿಕ್ಕಿತು. ಇಂದು, ಎಂಬತ್ತಾರನೇ ಇಸವಿಯಲ್ಲಿಯೂ, ಆಡುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹುಡುಗಿ ನಿಮಗೆ ತಿಳಿಯದ್ದನ್ನು ಮಾಡುತ್ತಿದ್ದರೆ ದೆವ್ವವೆನ್ನುವ ಮೊದಲು ಹೋಗಿ ನೋಡಿ, ಕೂಡಿಸಿಕೊಂಡು ಕೇಳಿ. ಕಾಯಿಲೆಯಾದರೆ ದವಾಖಾನೆಗೆ ಒಯ್ಯಿರಿ, ಆಟವಾದರೆ ಮೈದಾನಕ್ಕೆ. ಮಕ್ಕಳ ಮೈಗೆ ಬರೆ ಮಾತ್ರ ಹಾಕಬೇಡಿ. ಮರೋಳಕ್ಕೆ ಬಂದರೆ ರಂಗವ್ವನನ್ನು ಮಾತಾಡಿಸಿ. ಕೈಯೆತ್ತಿ ಮುಗಿಯಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡಿ, ಅವಳಿಗೆ ಆಗುವುದಿಲ್ಲ.