ಭಾನುಮತಿಯ ಇಪ್ಪತ್ತು ನಿಮಿಷ

"ಆ ಮಗೀಗೆ ಗಾಳಿ ಸೋಕೈತೆ ನರ್ಸಮ್ಮ. ಒಂಬತ್ತು ದಿನ ಆಯ್ತು, ಬಾಯಿಂದ ಒಂದು ಮಾತಿಲ್ಲ. ಒಂದು ಯಂತ್ರ ಕಟ್ಸಿ ಅಂದ್ರೆ ಅವರಪ್ಪ ಕೇಳಾಕಿಲ್ಲ."

ಹೀಗೆ ಹೇಳಿದವರು ಟಿ. ದಾಸರಹಳ್ಳಿಯ ಲಕ್ಷ್ಮಮ್ಮ. ರಾಗಿ ಬೆಳೆಯುತ್ತಿದ್ದ ತಮ್ಮ ಹೊಲದಲ್ಲಿ ಸಾಲಾಗಿ ಎಂಟು ಮನೆ ಕಟ್ಟಿಸಿ, ಕಾರ್ಖಾನೆ ನೌಕರರಿಗೆ ಬಾಡಿಗೆಗೆ ಕೊಟ್ಟಿರುವ ಯಜಮಾನಿ. ನಾನು ಸತ್ಯವತಿ, ಆ ಭಾಗದ ಆರೋಗ್ಯ ಸಂದರ್ಶಕಿ. ಎಂಬತ್ಮೂರನೇ ಇಸವಿಯ ಜನವರಿ ತಿಂಗಳು. ಹೆಗಲಿಗೆ ತಕ್ಕಡಿ ನೇತುಹಾಕಿಕೊಂಡು ಕೂಸುಗಳ ತೂಕ ನೋಡಲು ಹೋದವಳು ನಾನು. ಹದಿನೈದು ವರ್ಷದ ಕೂಸುಗಳನ್ನು ತೂಗಲು ನನ್ನ ಹತ್ತಿರ ತಕ್ಕಡಿ ಇರಲಿಲ್ಲ. ಆದರೂ ಹೋದೆ.

ನಾಲ್ಕನೇ ಮನೆ ಸುಬ್ರಹ್ಮಣ್ಯ ಅವರದು. ಸರ್ಕಾರಿ ಕಾರ್ಖಾನೆಯೊಂದರ ಟೈಮ್ ಆಫೀಸಿನಲ್ಲಿ ಗುಮಾಸ್ತರು. ಸಾವಿರಾರು ಜನ ಗೇಟಿನ ಒಳಗೆ ಎಷ್ಟು ಗಂಟೆಗೆ ಬಂದರು, ಎಷ್ಟು ಗಂಟೆಗೆ ಹೋದರು ಎಂದು ನೋಡುವುದೇ ಅವರ ಕೆಲಸ. ಒಳ್ಳೆಯವರು, ಯಾವ ಚಟವೂ ಇಲ್ಲ. ಇದ್ದ ಒಂದೇ ಚಟವೆಂದರೆ ಗಡಿಯಾರ.

ಮನೆಯೊಳಗೆ ಕಾಲಿಟ್ಟ ಕೂಡಲೇ ಬಾಗಿಲ ಪಕ್ಕದ ಗೋಡೆಯಲ್ಲಿ ಒಂದು ಹಳದಿ ಕಾರ್ಡು ಕಂಡಿತು. ಮೇಲೆ "ಎಸ್. ಭಾನುಮತಿ" ಎಂಬ ಹೆಸರು. ಕೆಳಗೆ ಎರಡು ಸಾಲು: ಹೊರಗೆ, ಒಳಗೆ. ಬೆಳಿಗ್ಗೆ ಶಾಲೆಗೆ ಹೊರಟಾಗ ಒಂದು ಕಡೆ, ಸಂಜೆ ಬಂದಾಗ ಇನ್ನೊಂದು ಕಡೆ ಮಗಳು ಗಂಟೆ ಬರೆಯಬೇಕು. ನಾಲ್ಕು ಐವತ್ತು ದಾಟಿದರೆ ಅಪ್ಪ ಕೆಂಪು ಶಾಯಿಯಲ್ಲಿ ಗುರುತು ಹಾಕುತ್ತಾರೆ. ವಾರದಲ್ಲಿ ಎರಡು ಕೆಂಪಾದರೆ ಭಾನುವಾರ ಗೆಳತಿಯ ಮನೆಗೆ ಹೋಗುವಂತಿಲ್ಲ.

"ಅವರಿಗೆ ಭಯ ಮೇಡಂ," ಎಂದರು ಭಾನುಮತಿಯ ತಾಯಿ ಅಮ್ಮಣ್ಣಿ, ತಗ್ಗಿದ ದನಿಯಲ್ಲಿ. "ತುಮಕೂರು ರೋಡು, ಲಾರಿಗಳು, ಯಾರ್ಯಾರೋ ಹೊಸಬರು. ಹೆಣ್ಣುಮಗು ಅಲ್ವಾ."

ಭಯ ಸುಳ್ಳಲ್ಲ. ಅದನ್ನು ನಾನು ಅಲ್ಲಗಳೆಯುವುದಿಲ್ಲ. ನನಗೂ ಮಗಳಿದ್ದಾಳೆ.

ಆದದ್ದು ಇಷ್ಟು. ಡಿಸೆಂಬರಿನಲ್ಲಿ ಭಾನುಮತಿ ದಿನಾ ಇಪ್ಪತ್ತು ನಿಮಿಷ ತಡವಾಗಿ ಬರತೊಡಗಿದಳು. ಕೆಂಪು ಗುರುತು ಸಾಲುಸಾಲಾಗಿ ಬಿತ್ತು. ಆಮೇಲೆ ಇದ್ದಕ್ಕಿದ್ದಂತೆ ಗುರುತು ನಿಂತುಹೋಯಿತು. ದಿನಾ ನಾಲ್ಕು ಐವತ್ತು. ಅಪ್ಪ ಹಿಗ್ಗಿದರು. ಒಂದು ದಿನ ಲಕ್ಷ್ಮಮ್ಮ ದನಕ್ಕೆ ಹುಲ್ಲು ತರುತ್ತಾ, ಏನೂ ಅರಿಯದೆ, "ನಿಮ್ ಮಗಳು ಐದೂಕಾಲಿಗೆ ಬರ್ತಾ ಇದ್ಲಲ್ಲ ಸಾಮಿ, ಸ್ಕೂಲಲ್ಲಿ ಪಾಠ ಜಾಸ್ತಿನಾ?" ಎಂದುಬಿಟ್ಟರು. ಕಾರ್ಡಿನಲ್ಲಿ ಸುಳ್ಳು ಬರೆದಿದ್ದಳು ಹುಡುಗಿ. ಅಮ್ಮಣ್ಣಿಯೂ ಅದನ್ನು ನೋಡಿ ನೋಡದಂತೆ ಇದ್ದರು.

ಅಂದು ಸುಬ್ರಹ್ಮಣ್ಯ ಅವರು ಕೂಗಾಡಿದ ಸದ್ದು ಎಂಟನೇ ಮನೆಯವರೆಗೂ ಕೇಳಿತಂತೆ. "ಎಲ್ಲಿಗೆ ಹೋಗ್ತೀಯಾ? ಯಾರ ಜೊತೆ?" ಹುಡುಗಿ ಬಾಯಿಗೆ ಬೀಗ ಹಾಕಿಕೊಂಡಳು. ಕಾರ್ಡು ಬರೆಯುವುದನ್ನೂ ಬಿಟ್ಟಳು. ಕಾರ್ಡಿನಲ್ಲಿ ಒಂಬತ್ತು ದಿನದ ಚೌಕಗಳು ಖಾಲಿಯಾಗಿ ನನ್ನನ್ನೇ ನೋಡುತ್ತಿದ್ದವು.

ಐದು ಹತ್ತಕ್ಕೆ ಭಾನುಮತಿ ಬಂದಳು. ಚಪ್ಪಲಿ ಬಿಟ್ಟು, ನನ್ನ ಕಡೆ ಸ್ವಲ್ಪ ತಲೆ ಬಾಗಿಸಿ, ಒಳಕೋಣೆಗೆ ಹೋಗಿ ಪುಸ್ತಕ ತೆರೆದಳು. ಒಳಕೋಣೆ ಎಂದರೆ ಅರ್ಧ ಕೋಣೆ. ಅದೇ ಅಜ್ಜಿ ಮಲಗುವ ಜಾಗ, ಅದೇ ತಮ್ಮಂದಿರಿಬ್ಬರು ಕಿತ್ತಾಡುವ ಜಾಗ. ಹಿಂದೆಯೇ ಅಪ್ಪ ಬಂದರು.

"ಭಾನುವಾರ ಇವಳನ್ನ ತಿಪಟೂರಿಗೆ, ನಮ್ಮ ಅಕ್ಕನ ಮನೆಗೆ ಕಳಿಸ್ತಿದೀನಿ," ಎಂದರು. "ಸ್ಕೂಲು ಸಾಕು."

"ಹತ್ತನೇ ತರಗತಿ ಪರೀಕ್ಷೆಗೆ ಎರಡೂವರೆ ತಿಂಗಳಿದೆ ಸಾರ್."

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಮೇಡಂ?"

ನನಗೆ ಗೊತ್ತಿದ್ದನ್ನೆಲ್ಲ ಹೇಳಿದೆ. ಈ ವಯಸ್ಸಿನಲ್ಲಿ ಮೈ ಬೆಳೆದಷ್ಟೇ ಜೋರಾಗಿ ಮನಸ್ಸೂ ಬೆಳೆಯುತ್ತದೆ. ಆಸೆ, ಸಿಟ್ಟು, ನಾಚಿಕೆ ಎಲ್ಲ ಮೊದಲು ಬಂದುಬಿಡುತ್ತವೆ, ಅವನ್ನು ತೂಗಿ ನೋಡುವ ಬುದ್ಧಿ ಹಿಂದಿನಿಂದ ನಿಧಾನವಾಗಿ ಬರುತ್ತದೆ. ನಿನ್ನೆವರೆಗೆ ಅಮ್ಮನ ಸೆರಗು ಹಿಡಿದಿದ್ದ ಮಗುವಿಗೆ 'ನಾನು ಯಾರು' ಎಂದು ತಾನೇ ಕಂಡುಕೊಳ್ಳಬೇಕು ಅನ್ನಿಸುತ್ತದೆ. ಅದಕ್ಕೇ ಗೆಳತಿಯರು ಬೇಕು, ಅದಕ್ಕೇ ಒಂದಿಷ್ಟು ಹೊತ್ತು ಒಂಟಿಯಾಗಿರಬೇಕು, ಅದಕ್ಕೇ ಮನೆಯವರ ಮಾತಿಗೆ ಎದುರು ಮಾತು. ಇದು ರೋಗವಲ್ಲ, ಗಾಳಿಯೂ ಅಲ್ಲ, ಕೆಟ್ಟ ಬುದ್ಧಿಯೂ ಅಲ್ಲ. "ಹದಿನಾರು ತುಂಬಿದ ಮಗನನ್ನ ಗೆಳೆಯನ ಹಾಗೆ ಕಾಣಬೇಕು ಅಂತ ಹಿರಿಯರೇ ಹೇಳಿದಾರಲ್ಲ ಸಾರ್."

"ಅದು ಮಗನಿಗೆ ಹೇಳಿದ್ದು," ಎಂದರು ಸುಬ್ರಹ್ಮಣ್ಯ. "ಇದೆಲ್ಲ ಪುಸ್ತಕದ ಮಾತು ಮೇಡಂ. ತಪ್ಪು ಮಾಡದೋರು ಸುಳ್ಳು ಯಾಕೆ ಬರೀತಾರೆ?"

ನನ್ನ ಭಾಷಣ ಅಲ್ಲಿಗೆ ಮುಗಿಯಿತು. ನಾಲ್ಕು ದಿನ ತರಬೇತಿಯಲ್ಲಿ ಕಲಿತದ್ದು ನಾಲ್ಕು ನಿಮಿಷದಲ್ಲಿ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು. ಏಳುವ ಮುಂಚೆ, ಸೋತವಳ ಕುತೂಹಲದಿಂದ ಕೇಳಿದೆ. "ನಿಮ್ಮ ಫ್ಯಾಕ್ಟ್ರಿಲಿ ಒಂದು ನಿಮಿಷ ತಡವಾದ್ರೂ ಕೆಂಪು ಗುರುತೇನಾ ಸಾರ್?"

"ಛೆ ಛೆ. ಹತ್ತು ನಿಮಿಷ ಗ್ರೇಸ್ ಇದೆ. ಅದರೊಳಗೆ ಬಂದ್ರೆ ತಡ ಅಂತ ಲೆಕ್ಕ ಇಲ್ಲ. ಯಾಕೆ ಅಂತ ನಾವು ಕೇಳೋ ಹಾಗೂ ಇಲ್ಲ."

"ಒಳ್ಳೇ ಪದ್ಧತಿ," ಎಂದೆ. "ಮಗಳನ್ನ ಕಳಿಸೋಕೆ ಮುಂಚೆ ಒಂದ್ಸಲ ಸಮಾಧಾನವಾಗಿ ಅವಳನ್ನೇ ಕೇಳಿ ಸಾರ್."

ಕೇಳಿ ಎಂದೆನೇ ಹೊರತು ಹಿಂಬಾಲಿಸಿ ಎನ್ನಲಿಲ್ಲ. ಅದು ಅವರ ಸ್ವಂತ ಬುದ್ಧಿ. ಶುಕ್ರವಾರ ಎರಡು ಗಂಟೆ ಮುಂಚೆ ಹೊರಡಲು ಅನುಮತಿ ತೆಗೆದುಕೊಂಡು ಶಾಲೆಯ ಹತ್ತಿರ ಹೋಗಿ ನಿಂತರು. ಮುಂದಿನದನ್ನು ಮರುದಿನ ಅವರೇ ನನಗೆ ಹೇಳಿದರು.

ಭಾನುಮತಿ ಗೆಳತಿಯರ ಜೊತೆ ತಿರುವಿನವರೆಗೆ ಬಂದಳು. ಅವರೆಲ್ಲ ಆ ಕಡೆ ಹೋದರು, ಇವಳು ಕೆರೆ ಏರಿ ಹತ್ತಿದಳು. ಅಪ್ಪ ಹುಣಸೆ ಮರದ ಮರೆಯಲ್ಲಿ ನಿಂತರು. ತೂಬಿನ ಪಕ್ಕದ ಕಲ್ಲಿನ ಮೇಲೆ ಹುಡುಗಿ ಕೂತಳು. ಚಪ್ಪಲಿ ಬಿಟ್ಟಳು. ಸೈಕಲ್ಲಿನಲ್ಲಿ ಒಬ್ಬ ಹುಡುಗ ಬಂದ. ಅಪ್ಪ ಮರದಿಂದ ಒಂದು ಹೆಜ್ಜೆ ಮುಂದಿಟ್ಟರು. ಅವನು ಆ ಕಡೆ ತಿರುಗಿಯೂ ನೋಡದೆ ಹೋದ. ನೀರಿನಲ್ಲಿ ಎಮ್ಮೆಗಳು ಮಲಗಿದ್ದವು. ಅವಳು ಎಮ್ಮೆ ನೋಡಿದಳು, ನೀರು ನೋಡಿದಳು, ಏನೋ ಗುನುಗಿಕೊಂಡಳು, ಒಂದು ಕಲ್ಲು ಎಸೆದಳು. ಇಪ್ಪತ್ತು ನಿಮಿಷ ಆದ ಮೇಲೆ ಎದ್ದು ಲಂಗ ಕೊಡವಿಕೊಂಡು ಮನೆ ಕಡೆ ಹೊರಟಳು. ಅಷ್ಟೇ.

"ಅಷ್ಟೇ ಮೇಡಂ," ಎಂದರು ಸುಬ್ರಹ್ಮಣ್ಯ. "ಬೇರೆ ಏನೂ ಇಲ್ಲ."

ತಕ್ಷಣ ಮನೆಗೆ ಹೋಗಲು ಅವರಿಗೆ ಮನಸ್ಸು ಬರಲಿಲ್ಲ. ಅದೇ ಕಲ್ಲಿನ ಮೇಲೆ ಹೋಗಿ ಕೂತರು. ಕಾರ್ಖಾನೆ, ಬಸ್ಸು, ಮನೆ ಬಿಟ್ಟು ಹಾಗೆ ಒಬ್ಬರೇ ಕೂತು ಎಷ್ಟು ವರ್ಷವಾಗಿತ್ತೋ. ಗಡಿಯಾರದ ಮನುಷ್ಯ, ಗಡಿಯಾರ ನೋಡುವುದನ್ನೇ ಮರೆತರು. ಮನೆ ಸೇರಿದಾಗ ಆರೂಕಾಲು. ದಿನಾ ಐದೂವರೆಯೊಳಗೆ ಬರುವವರು.

ಬಾಗಿಲಲ್ಲಿ ಭಾನುಮತಿ ನಿಂತಿದ್ದಳು. ಅವಳ ಮುಖದಲ್ಲಿ ಗಾಬರಿ ಇತ್ತು. ಹನ್ನೊಂದು ದಿನದ ಮೇಲೆ ಮಗಳು ಬಾಯಿ ಬಿಟ್ಟಳು.

"ಯಾಕಪ್ಪ ಲೇಟು?"

"ಬಸ್ ಸಿಗಲಿಲ್ಲ," ಎಂದರು ಅಪ್ಪ.

ನನ್ನ ಮುಂದೆ ಇದನ್ನು ಹೇಳುವಾಗ ಸುಬ್ರಹ್ಮಣ್ಯ ತಲೆ ತಗ್ಗಿಸಿದರು. "ನಲವತ್ತಾರು ವರ್ಷ ನನಗೆ. ಏನೂ ತಪ್ಪು ಮಾಡಿರಲಿಲ್ಲ, ಕೆರೆ ಏರಿ ಮೇಲೆ ಕೂತಿದ್ದೆ ಅಷ್ಟೇ. ಆದ್ರೂ ಸುಳ್ಳು ತಾನಾಗೇ ಬಂತು ಮೇಡಂ. ಕೂತಿದ್ದೆ ಅಂತ ಹೇಳೋಕೆ ನಾಚಿಕೆ ಆಯ್ತು."

ಆದರೆ ಅವರು ಅಲ್ಲಿಗೇ ನಿಲ್ಲಲಿಲ್ಲ. ಅದಕ್ಕೇ ನಾನು ಅವರನ್ನು ಒಳ್ಳೆಯವರು ಎಂದದ್ದು. ಕೈಕಾಲು ತೊಳೆದು ಬಂದು ಮಗಳ ಮುಂದೆ ಕೂತರು. "ಸುಳ್ಳು ಹೇಳಿದೆ ಕಣಮ್ಮ. ಕೆರೆ ಹತ್ರ ಇದ್ದೆ. ನಿನ್ನ ಹಿಂದೆ ಬಂದಿದ್ದೆ."

ಮಗಳು ಸಂತೋಷಪಟ್ಟಳು ಎಂದುಕೊಂಡಿರಾ? ಇಲ್ಲ. ಅವಳಿಗೆ ಸಿಟ್ಟು ನೆತ್ತಿಗೇರಿತು. "ಕಳ್ಳರ ಹಿಂದೆ ಹೋಗೋ ಹಾಗೆ ನನ್ನ ಹಿಂದೆ ಬಂದ್ರಾ?" ಎಂದು ಅತ್ತಳು. ಅಪ್ಪ ಅವಳನ್ನು ಅಳಲು ಬಿಟ್ಟರು, ನಡುವೆ ಬಾಯಿ ಹಾಕಲಿಲ್ಲ. ಅತ್ತು ಮುಗಿದ ಮೇಲೆ ಅವಳೇ ಹೇಳಿದಳು.

"ಸ್ಕೂಲಲ್ಲಿ ಅರವತ್ತು ಜನ. ಮನೇಲಿ ಆರು ಜನ. ಎಲ್ಲರೂ ಏನಾದ್ರೂ ಕೇಳ್ತಾನೇ ಇರ್ತಾರೆ. ಅಲ್ಲಿ ಮಾತ್ರ ಯಾರೂ ನನ್ನ ಏನೂ ಕೇಳಲ್ಲ ಅಪ್ಪ. ಸುಮ್ನೆ ಕೂತ್ಕೋತೀನಿ. ಯಾಕೆ ಅಂತ ನಂಗೇ ಗೊತ್ತಿಲ್ಲ."

"ಇದನ್ನ ಮೊದಲೇ ಹೇಳಬಹುದಿತ್ತಲ್ಲ?"

"ಹೇಳೋಕೆ ಕಾರ್ಡಲ್ಲಿ ಜಾಗ ಎಲ್ಲಿತ್ತು?"

ಅಪ್ಪ ಕಾರ್ಡಿನ ಕಡೆ ನೋಡಿದರು. ಎದ್ದು ಗೋಡೆಯಿಂದ ಕಾರ್ಡು ಕಿತ್ತರು. ಹರಿಯಲು ಹೋದಾಗ, ಅಂದು ನಮ್ಮ ಮಾತೆಲ್ಲ ಒಳಕೋಣೆಯಿಂದ ಕೇಳಿಸಿಕೊಂಡಿದ್ದ ಭಾನುಮತಿಯೇ ತಡೆದು, ಪೆನ್ನು ತಂದು, ಕಾರ್ಡಿನ ಹಿಂದೆ ಬರೆದಳು: "ಗ್ರೇಸ್, ಅರ್ಧ ಗಂಟೆ. ಕಾರಣ ಕೇಳುವ ಹಾಗಿಲ್ಲ." ಅಪ್ಪ ಅದರ ಕೆಳಗೆ ತಮ್ಮ ಎರಡು ಮಾತು ಸೇರಿಸಿದರು: "ಎಲ್ಲಿಗೆ ಎಂದು ಹೇಳಿ ಹೋಗಬೇಕು. ಕತ್ತಲಾಗುವ ಮುಂಚೆ ಬರಬೇಕು." ಕತ್ತಲು ಎಂದರೆ ಎಷ್ಟು ಗಂಟೆ ಎಂದು ಸ್ವಲ್ಪ ಜಗಳವಾಯಿತು, ಆರು ಗಂಟೆಗೆ ಇತ್ಯರ್ಥವಾಯಿತು. ಇಬ್ಬರೂ ರುಜು ಹಾಕಿದರು.

ತಿಪಟೂರಿಗೆ ಆ ಭಾನುವಾರ ಯಾರೂ ಹೋಗಲಿಲ್ಲ. ಭಾನುಮತಿ ಪರೀಕ್ಷೆ ಬರೆದಳು, ಎರಡನೇ ದರ್ಜೆಯಲ್ಲಿ ಪಾಸಾದಳು. ಮೊದಲನೇ ದರ್ಜೆ ಎಂದು ಹೇಳಿದ್ದರೆ ಕಥೆ ಚೆನ್ನಾಗಿರುತ್ತಿತ್ತು. ಆದರೆ ಸುಳ್ಳಿನಿಂದ ಇಷ್ಟೆಲ್ಲ ಆದ ಮೇಲೆ ನಾನೂ ಒಂದು ಹೇಳುವುದು ಬೇಡ. ಈಗ ಕಾಲೇಜಿಗೆ ಹೋಗುತ್ತಾಳೆ, ಅಪ್ಪನ ಜೊತೆ ಜಗಳವಾಡುತ್ತಾಳೆ, ಜಗಳವಾಡಿದ ಮೇಲೆ ಮಾತಾಡುತ್ತಾಳೆ. ಲಕ್ಷ್ಮಮ್ಮ ಮಾತ್ರ ಇಂದಿಗೂ, "ಗಾಳೀನೇ ಸೋಕಿತ್ತು ನರ್ಸಮ್ಮ, ಆದ್ರೆ ಮಗೀಗಲ್ಲ, ಅವರಪ್ಪಂಗೆ" ಎನ್ನುತ್ತಾರೆ.

ತಾಯಂದಿರೇ, ತಂದೆಯಂದಿರೇ, ಮಕ್ಕಳನ್ನು ಹೇಗಾದರೂ ಇರಲಿ ಎಂದು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಎಲ್ಲಿಗೆ ಹೋಗುತ್ತಾರೆ, ಯಾವಾಗ ಬರುತ್ತಾರೆ ಎಂದು ತಿಳಿದುಕೊಳ್ಳುವುದು ನಿಮ್ಮ ಹಕ್ಕು, ನಿಮ್ಮ ಕರ್ತವ್ಯ. ಆದರೆ ಕಟ್ಟಳೆ ಮಾಡುವಾಗ ಮಕ್ಕಳನ್ನೂ ಕೂರಿಸಿಕೊಂಡು ಮಾಡಿ. ತಾವೂ ಒಪ್ಪಿ ರುಜು ಹಾಕಿದ ಮಾತನ್ನು ಮುರಿಯಲು ಮಕ್ಕಳಿಗೂ ಸಂಕೋಚವಾಗುತ್ತದೆ. ಗಂಡಾಗಲಿ ಹೆಣ್ಣಾಗಲಿ, ದಿನಕ್ಕೆ ಒಂದಿಷ್ಟು ಹೊತ್ತು ಅವರದೇ ಆಗಿರಲಿ. ಮಗು ಊಟ ಬಿಟ್ಟರೆ, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕು ಬೇಡ ಎಂದರೆ ಮಾತ್ರ ತಡಮಾಡಬೇಡಿ. ಯಂತ್ರ ಕಟ್ಟಿಸುತ್ತಾ ಕೂರದೆ ಅಂದೇ ಆಸ್ಪತ್ರೆಗೆ ಕರೆದುಕೊಂಡು ಬನ್ನಿ.

ಇವತ್ತು ಸಂಜೆ ನಿಮ್ಮ ಮಗನೋ ಮಗಳೋ ತಡವಾಗಿ ಬಂದರೆ, ಗಡಿಯಾರ ನೋಡುವ ಮೊದಲು ಅವರ ಮುಖ ನೋಡಿ. "ಕಾಫಿ ಕುಡೀತೀಯಾ?" ಎಂದು ಕೇಳಿ, ಕಾಫಿ ಕೊಟ್ಟು ಪಕ್ಕದಲ್ಲಿ ಕೂತುಕೊಳ್ಳಿ. ಏನನ್ನೂ ಕೇಳಬೇಡಿ. ಹೇಳುವುದಿದ್ದರೆ ಅವರೇ ಹೇಳುತ್ತಾರೆ.